ಒಂದೇ ಪಾಸ್‌ವರ್ಡಿನ ಕೆಳಗೆ ಎಲ್ಲ ಸರ್ವರುಗಳು: ಸಣ್ಣ ಉದ್ಯಮದಲ್ಲಿ ಪ್ರತ್ಯೇಕ ಆಡಳಿತ ಡೊಮೇನಿನ ಅಗತ್ಯ

(ಮುಂಬಯಿಯ ಮಾಟುಂಗಾದಲ್ಲಿ, ಕನ್ನಡಿಗ ಉದ್ಯಮಿಗಳು ಮತ್ತು ಅವರ ಕಚೇರಿಗಳ ಕಂಪ್ಯೂಟರ್ ವ್ಯವಸ್ಥೆಯನ್ನು ನೋಡಿಕೊಳ್ಳುವವರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಈ ಸಭೆಯಲ್ಲಿ ಎರಡು ಬಗೆಯ ಕೇಳುಗರಿದ್ದೀರಿ. ಹೋಟೆಲು, ಸಾರಿಗೆ, ಬಿಡಿಭಾಗಗಳ ವಿತರಣೆ, ಮುದ್ರಣ ಮುಂತಾದ ವ್ಯವಹಾರಗಳನ್ನು ನಡೆಸುವ ಮಾಲೀಕರು ಒಂದು ಕಡೆ, ಅವರ ಸರ್ವರುಗಳನ್ನು ನೋಡಿಕೊಳ್ಳುವ ತರುಣ ತರುಣಿಯರು ಇನ್ನೊಂದು ಕಡೆ. ಇಂದಿನ ವಿಷಯ ಇಬ್ಬರಿಗೂ ಸೇರಿದ್ದು, ಏಕೆಂದರೆ ಇದರಲ್ಲಿ ತಾಂತ್ರಿಕ ಕೆಲಸ ಎಷ್ಟಿದೆಯೋ ಅಧಿಕಾರವನ್ನು ಹೇಗೆ ಹಂಚಬೇಕೆಂಬ ತೀರ್ಮಾನವೂ ಅಷ್ಟೇ ಇದೆ. ನನ್ನ ವಾದ ಇಷ್ಟು: ದಿನನಿತ್ಯದ ವ್ಯವಹಾರ ನಡೆಸುವ ಸರ್ವರುಗಳ ಮೇಲೆ ಯಾವ ಖಾತೆಗೆ ಪೂರ್ಣ ಅಧಿಕಾರವಿದೆಯೋ ಅದೇ ಖಾತೆಗೆ, ಆ ಸರ್ವರುಗಳನ್ನು ಹೊತ್ತಿರುವ ಹೋಸ್ಟ್ ಯಂತ್ರಗಳ ಮೇಲಾಗಲಿ ಅವುಗಳ ಬ್ಯಾಕಪ್‌ನ ಮೇಲಾಗಲಿ ಅಧಿಕಾರ ಇರಕೂಡದು. ದೊಡ್ಡ ಬ್ಯಾಂಕುಗಳಲ್ಲಿ ಇದು ಹಳೆಯ ಪಾಠ. ಹತ್ತು ಸರ್ವರು, ನಲವತ್ತು ಕಂಪ್ಯೂಟರುಗಳ ಸಂಸ್ಥೆಗೆ ಇದು ಇನ್ನೂ ಹೆಚ್ಚು ಮುಖ್ಯ ಎಂಬುದು ನನ್ನ ನಂಬಿಕೆ, ಏಕೆಂದರೆ ಸಣ್ಣ ಸಂಸ್ಥೆಗೆ ಎಲ್ಲವನ್ನೂ ಹೊಸದಾಗಿ ಕಟ್ಟಿಕೊಳ್ಳುವ ಹಣವೂ ಇರುವುದಿಲ್ಲ, ಅಷ್ಟು ದಿನ ಕಾಯುವ ಗಿರಾಕಿಗಳೂ ಇರುವುದಿಲ್ಲ.

2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ವಿನಾಶಕಾರಿ ತಂತ್ರಾಂಶ ಉಕ್ರೇನಿನಿಂದ ಹೊರಟು ಅನೇಕ ದೇಶಗಳಿಗೆ ಹರಡಿತು. ಅಲ್ಲಿನ ಲೆಕ್ಕಪತ್ರ ತಂತ್ರಾಂಶವೊಂದರ ಅಪ್‌ಡೇಟ್‌ನೊಳಗೆ ಸೇರಿಕೊಂಡು ಅದು ಸಂಸ್ಥೆಗಳ ಒಳಹೊಕ್ಕಿತ್ತು. ಡೆನ್ಮಾರ್ಕಿನ ಹಡಗು ಸಂಸ್ಥೆ ಮೇರ್ಸ್ಕ್ ಅದಕ್ಕೆ ಸಿಲುಕಿದಾಗ, ಇಲ್ಲಿಂದ ಕೊಲ್ಲಿಯಾಚೆಗಿರುವ ನವಾಶೇವಾದ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಸಮೂಹ ನಡೆಸುತ್ತಿದ್ದ ಟರ್ಮಿನಲ್ಲಿನ ಕೆಲಸವೂ ಅಸ್ತವ್ಯಸ್ತವಾಯಿತು. ಸಾರಿಗೆ ಮತ್ತು ಕ್ಲಿಯರಿಂಗ್ ವ್ಯವಹಾರದಲ್ಲಿರುವ ನಿಮಗೆ ಆ ದಿನಗಳು ನೆನಪಿರಬಹುದು. ಮೇರ್ಸ್ಕ್ ಸಂಸ್ಥೆ ಸುಮಾರು 4,000 ಸರ್ವರುಗಳನ್ನೂ 45,000 ಕಂಪ್ಯೂಟರುಗಳನ್ನೂ ಹತ್ತು ದಿನಗಳಲ್ಲಿ ಹೊಸದಾಗಿ ಸಜ್ಜುಗೊಳಿಸಬೇಕಾಯಿತು. ಆದರೆ ನಾವು ಗಮನಿಸಬೇಕಾದ ಸಂಗತಿ ಆ ಸಂಖ್ಯೆಗಳಿಗಿಂತ ಚಿಕ್ಕದು. ಒಂದೇ ಖಾತೆಪಟ್ಟಿಗೆ ಒಳಪಟ್ಟ ಯಂತ್ರಗಳ ಗುಂಪಿಗೆ ಡೊಮೇನ್ ಎನ್ನುತ್ತಾರೆ. ಆ ಸಂಸ್ಥೆಯ ಡೊಮೇನ್ ಕಂಟ್ರೋಲರುಗಳು, ಅಂದರೆ ಯಾರು ಯಾರು, ಯಾರಿಗೆ ಯಾವ ಅಧಿಕಾರ ಎಂಬ ದಾಖಲೆಯನ್ನು ಇಟ್ಟುಕೊಂಡಿರುವ ಸರ್ವರುಗಳು, ಜಗತ್ತಿನಾದ್ಯಂತ ಒಂದಕ್ಕೊಂದು ಪ್ರತಿಗಳಾಗಿದ್ದವು, ಮತ್ತು ಎಲ್ಲವೂ ಒಟ್ಟಿಗೇ ಅಳಿಸಿಹೋದವು. ಉಳಿದದ್ದು ಘಾನಾ ದೇಶದ ಒಂದೇ ಒಂದು. ಅಲ್ಲಿ ಆ ಹೊತ್ತಿಗೆ ವಿದ್ಯುತ್ ಹೋಗಿದ್ದುದರಿಂದ ಆ ಸರ್ವರು ಜಾಲದಿಂದ ಹೊರಗಿತ್ತು.

ನಾಟ್‌ಪೆಟ್ಯಾ ಬಳಸಿದ ಒಂದು ದಾರಿ ವಿಂಡೋಸ್‌ನ ದೋಷವಾಗಿತ್ತು. ಅದಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್‌ನಲ್ಲಿಯೇ ಪ್ಯಾಚ್, ಅಂದರೆ ದೋಷ ಮುಚ್ಚುವ ತಿದ್ದುಪಡಿ, ಕೊಟ್ಟಿತ್ತು. ಪ್ಯಾಚ್ ಹಾಕಿಕೊಂಡಿದ್ದ ಯಂತ್ರಗಳೂ ಬೀಳಲು ಕಾರಣ ಎರಡನೆಯ ದಾರಿ. ಅದು ತಾನು ಹೊಕ್ಕ ಕಂಪ್ಯೂಟರಿನ ಮೆಮೊರಿಯಲ್ಲಿ ಉಳಿದುಕೊಂಡಿದ್ದ ಲಾಗಿನ್ ವಿವರಗಳನ್ನು ಎತ್ತಿಕೊಂಡು, ಅವುಗಳ ಅಧಿಕಾರದಿಂದಲೇ ಮುಂದಿನ ಯಂತ್ರಕ್ಕೆ ಹೋಗುತ್ತಿತ್ತು. ಎತ್ತಿಕೊಂಡ ಖಾತೆ ಡೊಮೇನ್ ಅಡ್ಮಿನ್‌ನದಾಗಿದ್ದರೆ, ಅಂದರೆ ಇಡೀ ಡೊಮೇನಿನ ಮೇಲೆ ಪೂರ್ಣ ಅಧಿಕಾರವಿರುವವನದಾಗಿದ್ದರೆ, ಅದನ್ನು ತಡೆಯುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.

ಇದನ್ನು ತಿಳಿಯಲು ಡೊಮೇನ್ ಹೇಗೆ ಕೆಲಸ ಮಾಡುತ್ತದೆಂಬುದನ್ನು ಸ್ವಲ್ಪ ನೋಡಬೇಕು. ಡೊಮೇನುಗಳನ್ನು ನಡೆಸುವ ಮೈಕ್ರೋಸಾಫ್ಟ್ ವ್ಯವಸ್ಥೆಯಾದ ಆಕ್ಟಿವ್ ಡೈರೆಕ್ಟರಿ 2000ನೇ ಇಸವಿಯಲ್ಲಿ ವಿಂಡೋಸ್ 2000ರ ಜೊತೆಗೆ ಬಂತು. ಅದರ ಉಪಕಾರ ದೊಡ್ಡದು: ಒಬ್ಬ ಉದ್ಯೋಗಿಗೆ ಒಂದೇ ಖಾತೆ, ಎಲ್ಲ ಕಡೆ ಒಂದೇ ಪಾಸ್‌ವರ್ಡ್, ಕೆಲಸ ಬಿಟ್ಟುಹೋದಾಗ ಒಂದೇ ಕಡೆ ಬಾಗಿಲು ಮುಚ್ಚುವ ಅನುಕೂಲ. ಯಾವುದೇ ಯಂತ್ರವನ್ನು ಡೊಮೇನಿಗೆ ಸೇರಿಸಿದ ಕೂಡಲೇ ‘ಡೊಮೇನ್ ಅಡ್ಮಿನ್ಸ್’ ಎಂಬ ಗುಂಪು ಆ ಯಂತ್ರದ ಅಡ್ಮಿನಿಸ್ಟ್ರೇಟರ್ ಗುಂಪಿನೊಳಗೆ ತಾನಾಗಿಯೇ ಸೇರಿಕೊಳ್ಳುತ್ತದೆ. ಹೀಗಾಗಿ ಗುಮಾಸ್ತೆಯ ಕಂಪ್ಯೂಟರಿನಲ್ಲಿ ಪ್ರಿಂಟರ್ ಸರಿಪಡಿಸಲು ಬಂದ ಹುಡುಗ ಡೊಮೇನ್ ಅಡ್ಮಿನ್ ಖಾತೆಯಿಂದ ಒಳಹೊಕ್ಕರೆ, ಆ ಖಾತೆಯ ಗುರುತು ಆ ಕಂಪ್ಯೂಟರಿನ ಮೆಮೊರಿಯಲ್ಲಿ ಉಳಿಯುತ್ತದೆ. ಮಿಮಿಕ್ಯಾಟ್ಸ್ ಎಂಬ ಉಪಕರಣ 2011ರಲ್ಲಿ ಹೊರಬಂದ ಮೇಲೆ ಅದನ್ನು ಅಲ್ಲಿಂದ ತೆಗೆಯುವುದು ಸಾಮಾನ್ಯ ಕಳ್ಳನಿಗೂ ಸಾಧ್ಯವಾಯಿತು. ಆಮೇಲೆ ಬಂದ ವಿಂಡೋಸ್ ಆವೃತ್ತಿಗಳಲ್ಲಿ ಇದಕ್ಕೆ ತಡೆಗಳಿವೆ, ಅವನ್ನು ಹಾಕಿಕೊಳ್ಳಲೇಬೇಕು. ಆದರೂ ಒಂದು ಖಾತೆ ಕಳುವಾದರೆ ಅದರ ಜೊತೆಗೆ ಇನ್ನೇನೆಲ್ಲ ಹೋಗುತ್ತದೆ ಎಂಬ ಪ್ರಶ್ನೆಗೆ ಆ ತಡೆಗಳು ಉತ್ತರ ಕೊಡುವುದಿಲ್ಲ.

ಮುಂಬಯಿಯಲ್ಲಿ ನಾವು ನೀವು ನೋಡುವಂಥ ಒಂದು ಸಂಸ್ಥೆಯನ್ನು ಕಲ್ಪಿಸಿಕೊಳ್ಳೋಣ. ಅಂಧೇರಿ ಪೂರ್ವದಲ್ಲಿ ಕಚೇರಿ, ಭಿವಂಡಿಯಲ್ಲಿ ಗೋದಾಮು. ಎರಡು ಭೌತಿಕ ಸರ್ವರುಗಳು (ಹೋಸ್ಟುಗಳು), ಅವುಗಳ ಮೇಲೆ ತಂತ್ರಾಂಶದ ರೂಪದಲ್ಲಿ ನಡೆಯುವ ಏಳೆಂಟು ವರ್ಚುವಲ್ ಸರ್ವರುಗಳು: ಡೊಮೇನ್ ಕಂಟ್ರೋಲರ್, ಫೈಲ್ ಸರ್ವರ್, ಟ್ಯಾಲಿ, ಬಿಲ್ಲಿಂಗ್‌ನ ಡೇಟಾಬೇಸ್, ಹಾಜರಿ ಯಂತ್ರದ ತಂತ್ರಾಂಶ, ಆಂಟಿವೈರಸ್‌ನ ಕನ್ಸೋಲ್. ಬ್ಯಾಕಪ್ ತೆಗೆದುಕೊಳ್ಳುವ ಇನ್ನೊಂದು ಯಂತ್ರ, ಅದರ ಪಕ್ಕದಲ್ಲಿ, ಜಾಲದ ಮೂಲಕ ಬಳಸುವ ಡಿಸ್ಕುಗಳಿರುವ ಒಂದು ನ್ಯಾಸ್ ಪೆಟ್ಟಿಗೆ. ಇವೆಲ್ಲವೂ ಒಂದೇ ಡೊಮೇನಿನಲ್ಲಿವೆ. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಎಎಂಸಿಯವರ (ವಾರ್ಷಿಕ ನಿರ್ವಹಣೆಯ ಗುತ್ತಿಗೆದಾರರ) ಬಳಿ ಇದೆ, ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರ ಡೈರಿಯಲ್ಲೂ ಬರೆದಿದೆ. ಈ ವ್ಯವಸ್ಥೆಯಲ್ಲಿ ಬ್ಯಾಕಪ್ ಇದೆ ಎಂದು ಎಲ್ಲರೂ ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ, ಅದು ಪ್ರತಿ ರಾತ್ರಿ ತಪ್ಪದೆ ನಡೆಯುತ್ತಲೂ ಇರುತ್ತದೆ. ಆದರೆ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಇಂದಿನ ರ‍್ಯಾನ್ಸಮ್‌ವೇರ್ ತಂಡಗಳು ಒಳಹೊಕ್ಕ ಕೂಡಲೇ ಫೈಲುಗಳಿಗೆ ಬೀಗ ಹಾಕುವುದಿಲ್ಲ. ಮೊದಲು ಡೊಮೇನ್ ಅಡ್ಮಿನ್ ಖಾತೆಯನ್ನು ಹುಡುಕುತ್ತವೆ, ಅದರಿಂದ ಬ್ಯಾಕಪ್ ಸರ್ವರಿಗೆ ಹೋಗಿ ಪ್ರತಿಗಳನ್ನು ಅಳಿಸುತ್ತವೆ, ಆಮೇಲೆ ಹೋಸ್ಟ್ ಯಂತ್ರದ ಮಟ್ಟದಲ್ಲಿಯೇ ಎಲ್ಲ ವರ್ಚುವಲ್ ಡಿಸ್ಕುಗಳಿಗೂ ಬೀಗ ಹಾಕುತ್ತವೆ. ಇದಕ್ಕೆಲ್ಲ ಅವರಿಗೆ ಬೇಕಾಗುವುದು ಒಂದೇ ಖಾತೆ.

ನಮ್ಮ ಹೋಟೆಲುಗಳಲ್ಲಿ ಗಲ್ಲೆಯ ಮೇಲೆ ಕೂರುವವರೇ ದಿನದ ಕೊನೆಯಲ್ಲಿ ಲೆಕ್ಕ ತಾಳೆ ನೋಡುವ ಪದ್ಧತಿ ಇಲ್ಲ. ಅವರ ಮೇಲೆ ಅನುಮಾನವಿದೆ ಎಂದಲ್ಲ. ಎರಡೂ ಒಂದೇ ಕೈಯಲ್ಲಿದ್ದರೆ ತಪ್ಪು ನಡೆದಾಗ ಅದನ್ನು ಹಿಡಿಯುವ ಇನ್ನೊಂದು ಕೈ ಇರುವುದಿಲ್ಲ. ಸರ್ವರುಗಳ ವಿಚಾರದಲ್ಲಿ ನಾನು ಕೇಳುತ್ತಿರುವುದೂ ಅದನ್ನೇ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬೇಗ ಬದಿಗಿಡೋಣ. ‘ನಮ್ಮಲ್ಲಿ ವಿಲ್ಯಾನ್ ಮಾಡಿದ್ದೇವೆ, ಸರ್ವರುಗಳು ಬೇರೆ, ಸಿಸಿಟಿವಿ ಬೇರೆ, ವೈಫೈ ಬೇರೆ’ ಎಂದು ಹಲವರು ಹೇಳುತ್ತಾರೆ. ವಿಲ್ಯಾನ್ ಎಂದರೆ ಒಂದೇ ಜಾಲವನ್ನು ಬೇರೆ ಬೇರೆ ಭಾಗಗಳಾಗಿ ಒಡೆಯುವುದು. ಒಳ್ಳೆಯದು, ಅದು ಇರಲೇಬೇಕು. ಆದರೆ ವಿಲ್ಯಾನ್ ದಾರಿಗಳನ್ನು ವಿಂಗಡಿಸುತ್ತದೆ, ಅಧಿಕಾರವನ್ನಲ್ಲ. ಬ್ಯಾಕಪ್ ಸರ್ವರು ಬೇರೆ ವಿಲ್ಯಾನ್‌ನಲ್ಲಿದ್ದೂ ಅದೇ ಡೊಮೇನಿಗೆ ಸೇರಿದ್ದರೆ, ಡೊಮೇನ್ ಕಂಟ್ರೋಲರ್ ಜೊತೆ ಮಾತನಾಡಲು ಬೇಕಾದ ಪೋರ್ಟುಗಳನ್ನು ಫೈರ್‌ವಾಲ್‌ನಲ್ಲಿ ತೆರೆಯಲೇಬೇಕು, ಮತ್ತು ಆ ಡೊಮೇನಿನ ಗ್ರೂಪ್ ಪಾಲಿಸಿಯ, ಅಂದರೆ ಡೊಮೇನಿನ ಯಂತ್ರಗಳಿಗೆ ಒಟ್ಟಿಗೆ ಹೋಗುವ ನಿಯಮಗಳ, ಆಜ್ಞೆಯನ್ನು ಆ ಸರ್ವರು ಪಾಲಿಸಲೇಬೇಕು. ಅಡ್ಮಿನ್ ಖಾತೆ ಕೈಗೆ ಸಿಕ್ಕವನು ಬ್ಯಾಕಪ್ ಸರ್ವರಿಗೆ ಲಾಗಿನ್ ಆಗಬೇಕಾದ್ದೇ ಇಲ್ಲ. ಒಂದು ಪಾಲಿಸಿ ಬರೆದರೆ ಸಾಕು.

ಹಾಗಾದರೆ ಹೇಗೆ ವಿಂಗಡಿಸಬೇಕು? ವಿಭಾಗಗಳ ಪ್ರಕಾರ, ಅಂದರೆ ಲೆಕ್ಕಪತ್ರದ ಸರ್ವರುಗಳು ಒಂದು ಡೊಮೇನ್, ಗೋದಾಮಿನವು ಇನ್ನೊಂದು ಡೊಮೇನ್ ಎಂದು ಒಡೆಯುವುದನ್ನು ನಾನು ಒಪ್ಪುವುದಿಲ್ಲ. ಅದರಿಂದ ಕೆಲಸ ಹೆಚ್ಚುತ್ತದೆ, ರಕ್ಷಣೆ ಹೆಚ್ಚುವುದಿಲ್ಲ. ಪ್ರತಿಯೊಂದು ಯಂತ್ರದ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಬೇಕು: ಇದರ ಮೇಲೆ ಅಧಿಕಾರವಿರುವವನು ಉಳಿದ ಎಷ್ಟು ಯಂತ್ರಗಳನ್ನು ಅಳಿಸಬಲ್ಲ? ಟ್ಯಾಲಿ ಸರ್ವರಿನ ಅಡ್ಮಿನ್ ಟ್ಯಾಲಿಯನ್ನು ಮಾತ್ರ ಕೆಡಿಸಬಲ್ಲ. ಹೋಸ್ಟ್ ಯಂತ್ರದ ಅಡ್ಮಿನ್ ಅದರ ಮೇಲಿರುವ ಎಲ್ಲ ವರ್ಚುವಲ್ ಸರ್ವರುಗಳನ್ನೂ ಅಳಿಸಬಲ್ಲ; ಡೊಮೇನ್ ಕಂಟ್ರೋಲರಿನ ಡಿಸ್ಕನ್ನು ನಕಲು ಮಾಡಿಕೊಂಡು ಹೋಗಿ ಎಲ್ಲರ ಪಾಸ್‌ವರ್ಡ್ ಗುರುತುಗಳನ್ನೂ ತೆಗೆಯಬಲ್ಲ. ಬ್ಯಾಕಪ್ ಸರ್ವರಿನ ಅಡ್ಮಿನ್‌ನ ಶಕ್ತಿಯೂ ಅಷ್ಟೇ, ಏಕೆಂದರೆ ಬ್ಯಾಕಪ್ ಎಂದರೆ ಎಲ್ಲ ಸರ್ವರುಗಳ ಸಂಪೂರ್ಣ ಪ್ರತಿ. ಆದ್ದರಿಂದ ಹೋಸ್ಟುಗಳು, ಬ್ಯಾಕಪ್, ಅದರ ಸ್ಟೋರೇಜ್, ಫೈರ್‌ವಾಲ್ ಮತ್ತು ಸ್ವಿಚ್ಚುಗಳ ನಿಯಂತ್ರಣ, ಸರ್ವರುಗಳನ್ನು ದೂರದಿಂದ ನಿಯಂತ್ರಿಸಲು ಅವುಗಳ ಹಿಂಬದಿಯಲ್ಲಿರುವ ಐಲೋ ಅಥವಾ ಐಡ್ರಾಕ್ ಪೋರ್ಟುಗಳು ಒಂದು ಆಡಳಿತ ವಲಯಕ್ಕೆ ಸೇರಬೇಕು. ಉಳಿದ ವ್ಯವಹಾರದ ಸರ್ವರುಗಳೂ ಕಂಪ್ಯೂಟರುಗಳೂ ಇರುವಲ್ಲಿಯೇ ಇರಲಿ. ಡೊಮೇನ್ ಕಂಟ್ರೋಲರ್ ವ್ಯವಹಾರದ ಕಡೆಯದೇ, ಆದರೆ ಅದಕ್ಕೆ ಲಾಗಿನ್ ಆಗುವ ಖಾತೆ ಬೇರೆಲ್ಲೂ ಬಳಕೆಯಾಗಕೂಡದು.

ಹೋಸ್ಟುಗಳನ್ನು ಹೊರಗೆ ತೆಗೆಯಬೇಕೆಂಬುದಕ್ಕೆ ಇತ್ತೀಚಿನ ಒಂದು ಪುರಾವೆ ಕೊಡುತ್ತೇನೆ. 2024ರ ಜುಲೈನಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ವರ್ಚುವಲ್ ಸರ್ವರುಗಳನ್ನು ನಡೆಸುವ ವಿಎಂವೇರ್‌ನ ಇಎಸ್‌ಎಕ್ಸ್‌ಐ ತಂತ್ರಾಂಶವಿರುವ ಹೋಸ್ಟುಗಳ ಒಂದು ದೋಷವನ್ನು ಪ್ರಕಟಿಸಿದರು. ಡೊಮೇನಿಗೆ ಸೇರಿದ ಇಎಸ್‌ಎಕ್ಸ್‌ಐ ಹೋಸ್ಟ್, ‘ಇಎಸ್‌ಎಕ್ಸ್ ಅಡ್ಮಿನ್ಸ್’ ಎಂಬ ಹೆಸರಿನ ಗುಂಪು ಡೊಮೇನಿನಲ್ಲಿ ಕಂಡರೆ ಅದರ ಸದಸ್ಯರಿಗೆಲ್ಲ ಪೂರ್ಣ ಅಧಿಕಾರ ಕೊಡುತ್ತಿತ್ತು. ಆ ಗುಂಪು ಮೊದಲಿನಿಂದ ಇರಬೇಕೆಂದೇನೂ ಇರಲಿಲ್ಲ. ದಾಳಿಕೋರರು ಆ ಹೆಸರಿನ ಗುಂಪನ್ನು ತಾವೇ ಸೃಷ್ಟಿಸಿಕೊಂಡು ಒಳಹೊಕ್ಕ ಪ್ರಕರಣಗಳು ನಡೆದವು. ಡೊಮೇನಿಗೆ ಸೇರಿರದ ಹೋಸ್ಟಿಗೆ ಆ ದೋಷದಿಂದ ಏನೂ ಆಗುತ್ತಿರಲಿಲ್ಲ.

ಆಡಳಿತ ವಲಯವನ್ನು ಕಟ್ಟಲು ಎರಡು ಮಾರ್ಗಗಳಿವೆ. ಒಂದು, ಆ ಯಂತ್ರಗಳನ್ನು ಯಾವ ಡೊಮೇನಿಗೂ ಸೇರಿಸದೆ ವರ್ಕ್‌ಗ್ರೂಪಿನಲ್ಲಿ ಇಟ್ಟು, ಪ್ರತಿಯೊಂದಕ್ಕೂ ಬೇರೆ ಬೇರೆ ಸ್ಥಳೀಯ ಪಾಸ್‌ವರ್ಡ್ ಕೊಡುವುದು. ಇನ್ನೊಂದು, ಅವುಗಳಿಗಾಗಿಯೇ ಒಂದು ಪುಟ್ಟ ಆಡಳಿತ ಡೊಮೇನ್ ಕಟ್ಟುವುದು. ನನ್ನ ಅಭಿಪ್ರಾಯದಲ್ಲಿ ಒಂದು ಹೋಸ್ಟ್, ಒಂದು ಬ್ಯಾಕಪ್ ಸರ್ವರು ಇರುವ ಸಂಸ್ಥೆಗೆ ಮೊದಲ ಮಾರ್ಗವೇ ಸಾಕು. ಅದಕ್ಕೆ ಖರ್ಚಿಲ್ಲ, ನೋಡಿಕೊಳ್ಳಬೇಕಾದ ಇನ್ನೊಂದು ಡೊಮೇನ್ ಕಂಟ್ರೋಲರಿಲ್ಲ. ಹೋಸ್ಟುಗಳು ಎರಡು ಮೂರಾದಾಗ ಪರಿಸ್ಥಿತಿ ಬದಲಾಗುತ್ತದೆ. ವಿಂಡೋಸ್ ಸರ್ವರ್ 2022ರವರೆಗಿನ ಹೈಪರ್-ವಿಯಲ್ಲಿ, ಅಂದರೆ ವರ್ಚುವಲ್ ಸರ್ವರುಗಳನ್ನು ನಡೆಸುವ ಮೈಕ್ರೋಸಾಫ್ಟ್ ತಂತ್ರಾಂಶದಲ್ಲಿ, ಓಡುತ್ತಿರುವ ವರ್ಚುವಲ್ ಸರ್ವರನ್ನು ಒಂದು ಹೋಸ್ಟಿನಿಂದ ಇನ್ನೊಂದಕ್ಕೆ ಸಾಗಿಸಬೇಕಾದರೆ ಎರಡೂ ಡೊಮೇನಿನಲ್ಲಿರಬೇಕು. ಅಲ್ಲಿ ಆಡಳಿತ ಡೊಮೇನಿಗೆ ನಿಜವಾದ ಕೆಲಸವಿದೆ. ವಿಂಡೋಸ್ ಸರ್ವರಿನ ಸ್ಟ್ಯಾಂಡರ್ಡ್ ಲೈಸೆನ್ಸ್‌ನಲ್ಲಿ ಎರಡು ವರ್ಚುವಲ್ ಸರ್ವರುಗಳಿಗೆ ಮಾತ್ರ ಹಕ್ಕು ಎಂಬುದನ್ನು ನೆನಪಿಟ್ಟುಕೊಂಡು ಖರ್ಚಿನ ಅಂದಾಜು ಹಾಕಿಕೊಳ್ಳಿ.

ಆಡಳಿತ ಡೊಮೇನ್ ಕಟ್ಟುವವರು ಎರಡು ವಿಷಯಗಳಲ್ಲಿ ಜಾಗ್ರತೆ ವಹಿಸಬೇಕು. ಮೊದಲನೆಯದಾಗಿ, ಅದನ್ನು ಈಗಿರುವ ಡೊಮೇನಿನ ಉಪಡೊಮೇನಾಗಿ ಕಟ್ಟಬೇಡಿ. ಆಕ್ಟಿವ್ ಡೈರೆಕ್ಟರಿಯಲ್ಲಿ ಭದ್ರತೆಯ ಗಡಿ ಇರುವುದು ಫಾರೆಸ್ಟ್‌ಗೆ, ಅಂದರೆ ಒಟ್ಟಿಗೆ ಕಟ್ಟಿದ ಡೊಮೇನುಗಳ ಸಮೂಹಕ್ಕೆ, ಒಂದೊಂದು ಡೊಮೇನಿಗಲ್ಲ. ಇದನ್ನು ಮೈಕ್ರೋಸಾಫ್ಟ್ ತನ್ನ ದಾಖಲೆಗಳಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಒಂದೇ ಫಾರೆಸ್ಟ್‌ನ ಯಾವ ಡೊಮೇನಿನ ಅಡ್ಮಿನ್ ಆದರೂ ಇಡೀ ಫಾರೆಸ್ಟ್‌ನ ಅಧಿಕಾರವನ್ನು ದಕ್ಕಿಸಿಕೊಳ್ಳುವ ದಾರಿಗಳಿವೆ. ಆದ್ದರಿಂದ ಅದು ಪ್ರತ್ಯೇಕ ಫಾರೆಸ್ಟ್ ಆಗಿರಬೇಕು. ಎರಡನೆಯದು ಟ್ರಸ್ಟ್‌ನ, ಅಂದರೆ ಒಂದು ಕಡೆಯ ಖಾತೆಗಳನ್ನು ಇನ್ನೊಂದು ಕಡೆ ಒಪ್ಪಿಕೊಳ್ಳುವ ಏರ್ಪಾಟಿನ, ಪ್ರಶ್ನೆ. ಎರಡು ಫಾರೆಸ್ಟ್‌ಗಳ ನಡುವೆ ಟ್ರಸ್ಟ್ ಕಟ್ಟಲೇಬೇಕಾದರೆ ಅದು ಒಮ್ಮುಖವಾಗಿರಬೇಕು: ವ್ಯವಹಾರದ ಡೊಮೇನ್ ಆಡಳಿತ ಡೊಮೇನನ್ನು ನಂಬಬೇಕು, ಆಡಳಿತ ಡೊಮೇನ್ ವ್ಯವಹಾರದ ಡೊಮೇನನ್ನು ನಂಬಕೂಡದು. ಆಗ ಆಡಳಿತದ ಖಾತೆಗಳು ವ್ಯವಹಾರದ ಸರ್ವರುಗಳಿಗೆ ಹೋಗಬಲ್ಲವು, ಅಲ್ಲಿಯ ಖಾತೆಗಳು ಇತ್ತ ಬರಲಾರವು. ದಿಕ್ಕು ತಪ್ಪಿ ಕಟ್ಟಿದರೆ ಮಾಡಿದ್ದೆಲ್ಲ ವ್ಯರ್ಥ.

ಆದರೆ ಸರಿಯಾದ ದಿಕ್ಕಿನ ಟ್ರಸ್ಟನ್ನೂ ಸಣ್ಣ ಸಂಸ್ಥೆಗೆ ನಾನು ಸೂಚಿಸುವುದಿಲ್ಲ. ಅದಿದ್ದರೆ ಅಡ್ಮಿನ್ ಆದವರು ಆಡಳಿತದ ಖಾತೆಯಿಂದಲೇ ಫೈಲ್ ಸರ್ವರಿಗೂ ಟ್ಯಾಲಿ ಸರ್ವರಿಗೂ ಹೋಗುವುದು ರೂಢಿಯಾಗುತ್ತದೆ, ಆ ಖಾತೆಯ ಗುರುತು ಅಲ್ಲಿನ ಮೆಮೊರಿಯಲ್ಲಿ ಉಳಿಯುತ್ತದೆ, ಮತ್ತು ನಾವು ಯಾವುದರಿಂದ ಹೊರಬರಲು ಹೊರಟೆವೋ ಅಲ್ಲಿಗೇ ಮರಳುತ್ತೇವೆ. ಹತ್ತು ಸರ್ವರುಗಳಿಗೆ ಎರಡು ಕಡೆ ಎರಡು ಖಾತೆ ಇಟ್ಟುಕೊಳ್ಳುವುದು ಕಷ್ಟವಲ್ಲ. ಟ್ರಸ್ಟ್ ಇಲ್ಲದಿದ್ದರೆ ದಿಕ್ಕು ತಪ್ಪುವ ಭಯವೂ ಇಲ್ಲ.

ಕೆಲಸವನ್ನು ಬ್ಯಾಕಪ್ ಸರ್ವರಿನಿಂದ ಆರಂಭಿಸಿ. ಅದನ್ನು ಡೊಮೇನಿನಿಂದ ಹೊರತೆಗೆಯುವ ಮುನ್ನ ಸ್ಥಳೀಯ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ನಿಮ್ಮಲ್ಲಿದೆಯೇ, ಅದು ನಿಜವಾಗಿಯೂ ಕೆಲಸ ಮಾಡುತ್ತದೆಯೇ ಎಂದು ಲಾಗಿನ್ ಆಗಿ ನೋಡಿ. ಯಾವ ಸರ್ವಿಸ್‌ಗಳು ಡೊಮೇನ್ ಖಾತೆಯ ಹೆಸರಿನಲ್ಲಿ ಓಡುತ್ತಿವೆ ಎಂದು ಪಟ್ಟಿ ಮಾಡಿಕೊಳ್ಳಿ. ಹೊರತೆಗೆದ ಮೇಲೆ ಬ್ಯಾಕಪ್ ತಂತ್ರಾಂಶಕ್ಕೆ ಪ್ರತಿಯೊಂದು ಸರ್ವರಿನ ಖಾತೆಯನ್ನು ಹೊಸದಾಗಿ ಕೊಡಬೇಕಾಗುತ್ತದೆ. ಇಲ್ಲಿ ಸಂಪರ್ಕದ ದಿಕ್ಕು ಮುಖ್ಯ: ಬ್ಯಾಕಪ್ ಸರ್ವರು ತಾನಾಗಿ ಹೋಗಿ ಡೇಟಾ ತರಬೇಕು, ವ್ಯವಹಾರದ ಯಾವ ಸರ್ವರಿಗೂ ಬ್ಯಾಕಪ್‌ನ ಡಿಸ್ಕಿಗೆ ಬರೆಯುವ ಅಥವಾ ಅಲ್ಲಿಂದ ಅಳಿಸುವ ಹಕ್ಕು ಇರಬಾರದು. ನ್ಯಾಸ್ ಪೆಟ್ಟಿಗೆಯನ್ನು ಡೊಮೇನಿಗೆ ಸೇರಿಸಿ, ಅದರ ಶೇರನ್ನು ಎಲ್ಲರ ಕಂಪ್ಯೂಟರಿನಲ್ಲೂ ಒಂದು ಡ್ರೈವ್ ಆಗಿ ತೋರಿಸಿ, ಅದೇ ಪೆಟ್ಟಿಗೆಯ ಇನ್ನೊಂದು ಫೋಲ್ಡರಿನಲ್ಲಿ ಬ್ಯಾಕಪ್ ಇಡುವ ಪದ್ಧತಿ ನಮ್ಮಲ್ಲಿ ಹೇರಳವಾಗಿದೆ. ಅದನ್ನು ದಯವಿಟ್ಟು ಈ ವಾರವೇ ನಿಲ್ಲಿಸಿ. ಇಂತಿಷ್ಟು ದಿನ ಯಾರಿಂದಲೂ ಅಳಿಸಲಾಗದಂತೆ ಇಡುವ ಸ್ಟೋರೇಜ್ ಕೊಳ್ಳಲು ಸಾಧ್ಯವಾದರೆ ಕೊಳ್ಳಿ. ಆಗದಿದ್ದರೆ ಎರಡು ಎಕ್ಸ್‌ಟರ್ನಲ್ ಡಿಸ್ಕುಗಳನ್ನು ಸರದಿಯ ಮೇಲೆ ಜೋಡಿಸಿ, ಜೋಡಿಸದೇ ಇರುವುದನ್ನು ಕಚೇರಿಯಿಂದ ಹೊರಗೆ, ಮಹಡಿಯ ಮೇಲಿನ ಒಣ ಜಾಗದಲ್ಲಿಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಕಂಡ ಊರು ನಮ್ಮದು.

ಹೋಸ್ಟುಗಳ ವಿಚಾರಕ್ಕೆ ಬಂದರೆ, ಅವುಗಳನ್ನು ಹೊರತೆಗೆಯುವಾಗ ಹೆಸರು ಮತ್ತು ಸಮಯ ಎಂಬ ಎರಡು ಸಂಗತಿಗಳು ಮರೆತುಹೋಗುತ್ತವೆ. ಹೋಸ್ಟ್ ತನ್ನ ಡಿಎನ್‌ಎಸ್‌ಗಾಗಿ, ಅಂದರೆ ಯಂತ್ರಗಳ ಹೆಸರಿನಿಂದ ಅವುಗಳ ವಿಳಾಸ ತಿಳಿಯಲು, ತನ್ನದೇ ಮೇಲೆ ಓಡುವ ಡೊಮೇನ್ ಕಂಟ್ರೋಲರನ್ನು ಅವಲಂಬಿಸಿರಬಾರದು. ಸಮಯದ ಸಮಸ್ಯೆ ಇನ್ನೂ ಸೂಕ್ಷ್ಮವಾದದ್ದು. ವರ್ಚುವಲ್ ಡೊಮೇನ್ ಕಂಟ್ರೋಲರ್ ತನ್ನ ಗಡಿಯಾರವನ್ನು ಹೋಸ್ಟಿನಿಂದ ಪಡೆಯುತ್ತಿದ್ದು, ಹೋಸ್ಟ್ ಡೊಮೇನಿನ ಸದಸ್ಯನಾಗಿ ತನ್ನ ಗಡಿಯಾರವನ್ನು ಅದೇ ಕಂಟ್ರೋಲರಿನಿಂದ ಪಡೆಯುತ್ತಿದ್ದರೆ, ಇಬ್ಬರೂ ಒಬ್ಬರನ್ನೊಬ್ಬರು ಅನುಸರಿಸುತ್ತ ನಿಜವಾದ ಸಮಯದಿಂದ ದೂರ ಸರಿಯುತ್ತಾರೆ. ಆಕ್ಟಿವ್ ಡೈರೆಕ್ಟರಿಯ ಕೆರ್ಬೆರೋಸ್ ಎಂಬ ಲಾಗಿನ್ ವ್ಯವಸ್ಥೆಯಲ್ಲಿ ಎರಡು ಯಂತ್ರಗಳ ಗಡಿಯಾರದ ವ್ಯತ್ಯಾಸ ಸಾಮಾನ್ಯವಾಗಿ 5 ನಿಮಿಷ ಮೀರಿದರೆ ಲಾಗಿನ್ ನಿರಾಕರಿಸಲಾಗುತ್ತದೆ. ಹೋಸ್ಟುಗಳು ನೇರವಾಗಿ ಹೊರಗಿನ ಸಮಯ ಸರ್ವರಿನಿಂದ ಸಮಯ ಪಡೆಯಲಿ. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವೂ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರಿಗೆ, ಇಲ್ಲವೇ ಅವುಗಳೊಂದಿಗೆ ಹೊಂದಿಕೆಯಾಗಿರುವ ಸರ್ವರಿಗೆ, ನಮ್ಮ ಗಡಿಯಾರಗಳನ್ನು ಹೊಂದಿಸಬೇಕೆಂದು ಹೇಳುತ್ತದೆ. ಅದೇ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು, ಅಂದರೆ ಯಂತ್ರಗಳ ಚಟುವಟಿಕೆಯ ದಾಖಲೆಗಳನ್ನು, 180 ದಿನ ಇಟ್ಟುಕೊಳ್ಳಬೇಕು, ಪಟ್ಟಿಯಲ್ಲಿ ಹೇಳಿರುವ ಬಗೆಯ ಘಟನೆ ನಡೆದರೆ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು. ಲಾಗ್‌ಗಳ ಪ್ರತಿ ಆಡಳಿತ ವಲಯದೊಳಗೆ ಇರಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ: ವ್ಯವಹಾರದ ಡೊಮೇನಿನ ಅಡ್ಮಿನ್ ಅಳಿಸಬಹುದಾದ ಲಾಗ್, ಬೇಕಾದ ದಿನ ಅಲ್ಲಿ ಇರುತ್ತದೆಂಬ ಖಾತ್ರಿ ಇಲ್ಲ.

ಇಷ್ಟೆಲ್ಲ ಮಾಡಿಯೂ ಒಂದು ಹಿಂಬಾಗಿಲು ಉಳಿದುಬಿಡುತ್ತದೆ, ಅದರ ಬಗ್ಗೆ ಮಾಲೀಕರು ವಿಶೇಷವಾಗಿ ಗಮನ ಕೊಡಬೇಕು. ಆಂಟಿವೈರಸ್‌ನ ಕನ್ಸೋಲ್, ಪ್ಯಾಚ್ ಹಂಚುವ ತಂತ್ರಾಂಶ, ಎಎಂಸಿಯವರು ದೂರದಿಂದ ಒಳಬರಲು ಹಾಕಿಕೊಂಡಿರುವ ರಿಮೋಟ್ ಉಪಕರಣ, ಇವುಗಳ ಏಜೆಂಟ್, ಅಂದರೆ ಇವು ಪ್ರತಿ ಯಂತ್ರದಲ್ಲಿ ಇಡುವ ಪುಟ್ಟ ತಂತ್ರಾಂಶ, ಯಾವ ಯಂತ್ರದಲ್ಲಿದೆಯೋ ಆ ಯಂತ್ರದಲ್ಲಿ ಅದಕ್ಕೆ ಅತ್ಯುನ್ನತ ಅಧಿಕಾರವಿರುತ್ತದೆ. 2021ರ ಜುಲೈ 2ರಂದು ಕಸೇಯಾ ಸಂಸ್ಥೆಯ ದೂರನಿರ್ವಹಣಾ ತಂತ್ರಾಂಶದ ದೋಷವನ್ನು ಬಳಸಿ, ಸರ್ವರು ನಿರ್ವಹಣೆಯನ್ನು ಗುತ್ತಿಗೆ ಪಡೆದಿದ್ದ ಕಂಪನಿಗಳ ಮೂಲಕ ಸುಮಾರು 1,500ರಷ್ಟು ಉದ್ಯಮಗಳಿಗೆ ಒಂದೇ ಏಟಿಗೆ ರ‍್ಯಾನ್ಸಮ್‌ವೇರ್ ತಲುಪಿಸಲಾಯಿತು. ಸ್ವೀಡನ್ನಿನ ಕೋಪ್ ಅಂಗಡಿಗಳು ಗಲ್ಲೆಯ ಯಂತ್ರ ನಡೆಯದೆ ನೂರಾರು ಸಂಖ್ಯೆಯಲ್ಲಿ ಮುಚ್ಚಿದವು. ವ್ಯವಹಾರದ ಡೊಮೇನಿನ ಏಜೆಂಟನ್ನು ಬ್ಯಾಕಪ್ ಸರ್ವರಿನಲ್ಲೂ ಹೋಸ್ಟುಗಳಲ್ಲೂ ಹಾಕಿದರೆ ಎರಡು ವಲಯಗಳು ಹಿಂದಿನಿಂದ ಮತ್ತೆ ಒಂದಾದಂತೆಯೇ. ಎಎಂಸಿಯ ಹುಡುಗರಿಗೆ ವ್ಯವಹಾರದ ಕಡೆ ಅವರವರ ಹೆಸರಿನ ಖಾತೆ ಕೊಡಿ. ಆಡಳಿತ ವಲಯದೊಳಗೆ ಕೆಲಸವಿದ್ದಾಗ ಕಚೇರಿಗೆ ಬಂದು, ಅದಕ್ಕೆಂದೇ ಇಟ್ಟಿರುವ ಒಂದು ಲ್ಯಾಪ್‌ಟಾಪಿನಿಂದ ಮಾಡಲಿ. ಆ ಲ್ಯಾಪ್‌ಟಾಪಿನಲ್ಲಿ ಮೇಲ್ ನೋಡಬಾರದು, ವಾಟ್ಸಾಪ್ ತೆರೆಯಬಾರದು. ಆಡಳಿತ ವಲಯದ ಪಾಸ್‌ವರ್ಡುಗಳ ಒಂದು ಪ್ರತಿ ಮೊಹರು ಮಾಡಿದ ಲಕೋಟೆಯಲ್ಲಿ ಮಾಲೀಕರ ತಿಜೋರಿಯಲ್ಲಿರಲಿ. ಮಾಲೀಕರೇ, ನಿಮ್ಮ ದಿನಬಳಕೆಯ ಖಾತೆಗೆ ಅಡ್ಮಿನ್ ಅಧಿಕಾರ ಬೇಡ. ಮೋಸದ ಮೇಲ್‌ಗಳು ಹೆಚ್ಚಾಗಿ ಬರುವುದು ನಿಮ್ಮ ಹೆಸರಿಗೇ.

ಕೊನೆಯ ಪರೀಕ್ಷೆ, ಎಲ್ಲವನ್ನೂ ನಿಲ್ಲಿಸಿ ಮತ್ತೆ ಎಬ್ಬಿಸಿ ನೋಡುವುದು. 2020ರ ಅಕ್ಟೋಬರ್ 12ರ ಬೆಳಿಗ್ಗೆ ಮುಂಬಯಿಯ ಬಹುಭಾಗದಲ್ಲಿ ವಿದ್ಯುತ್ ಹೋದಾಗ ಯುಪಿಎಸ್‌ಗಳು ಬರಿದಾಗಿ ಸರ್ವರುಗಳೆಲ್ಲ ನಿಂತ ಕಚೇರಿಗಳಿಗೆ ಈ ಪ್ರಶ್ನೆ ತಾನಾಗಿಯೇ ಎದುರಾಗಿರುತ್ತದೆ: ಮೊದಲು ಯಾವುದು ಏಳಬೇಕು? ವಿಂಗಡಣೆ ಸರಿಯಾಗಿದ್ದರೆ ಸ್ವಿಚ್ ಮತ್ತು ಫೈರ್‌ವಾಲ್, ಆಮೇಲೆ ಸ್ಟೋರೇಜ್, ಹೋಸ್ಟುಗಳು, ಅನಂತರ ವ್ಯವಹಾರದ ಡೊಮೇನ್ ಕಂಟ್ರೋಲರ್, ಕೊನೆಗೆ ಡೇಟಾಬೇಸ್ ಮತ್ತು ಟ್ಯಾಲಿ ಏಳುತ್ತವೆ, ಮತ್ತು ಯಾವ ಹಂತದಲ್ಲೂ ಇನ್ನೂ ಎದ್ದಿರದ ಯಂತ್ರದ ಅನುಮತಿ ಬೇಕಾಗುವುದಿಲ್ಲ. ಒಂದು ಭಾನುವಾರ ವ್ಯವಹಾರದ ಡೊಮೇನ್ ಕಂಟ್ರೋಲರನ್ನು ಬೇಕೆಂದೇ ಆರಿಸಿಟ್ಟು, ಬ್ಯಾಕಪ್ ಸರ್ವರಿಗೆ ಲಾಗಿನ್ ಆಗಿ, ಒಂದು ಸರ್ವರನ್ನು ಬೇರೆ ಹೆಸರಿನಲ್ಲಿ, ಜಾಲಕ್ಕೆ ಜೋಡಿಸದೆ, ಮರಳಿ ತನ್ನಿ. ಅದು ಸಾಧ್ಯವಾಗದಿದ್ದರೆ ಎಲ್ಲೋ ಒಂದು ಎಳೆ ಇನ್ನೂ ಹಳೆಯ ಡೊಮೇನಿಗೆ ಕಟ್ಟಿಕೊಂಡಿದೆ ಎಂದರ್ಥ.

ಭಾಷಣದ ನಂತರ ಸಭಿಕರೊಬ್ಬರು, ತಮ್ಮ ಮೇಲ್ ಮತ್ತು ಫೈಲುಗಳು ಮೈಕ್ರೋಸಾಫ್ಟ್ 365 ಎಂಬ ಕ್ಲೌಡ್ ಸೇವೆಗೆ ಹೋಗಿರುವಾಗ ಇದೆಲ್ಲ ಬೇಕೇ ಎಂದು ಕೇಳಿದರು. ಬೇಕು ಎಂಬುದೇ ನನ್ನ ಉತ್ತರವಾಗಿತ್ತು. ಕಚೇರಿಯ ಖಾತೆಗಳನ್ನು ಕ್ಲೌಡಿಗೆ ಹೊಂದಿಸುವ ಸಿಂಕ್ ಸರ್ವರು ಎರಡೂ ಕಡೆಗೆ ಕೈ ಚಾಚಿರುವ ಯಂತ್ರ. ಅದನ್ನು ಡೊಮೇನ್ ಕಂಟ್ರೋಲರಿನಷ್ಟೇ ಜೋಪಾನವಾಗಿ ನೋಡಿಕೊಳ್ಳಬೇಕು. ಕ್ಲೌಡಿನ ಮೇಲೆ ಪೂರ್ಣ ಅಧಿಕಾರವಿರುವ ಗ್ಲೋಬಲ್ ಅಡ್ಮಿನ್ ಖಾತೆಯನ್ನು ಕಚೇರಿಯ ಡೊಮೇನಿನಿಂದ ಸಿಂಕ್ ಮಾಡದೆ ಕ್ಲೌಡಿನಲ್ಲಿಯೇ ಪ್ರತ್ಯೇಕವಾಗಿ ಸೃಷ್ಟಿಸಿ, ಅದಕ್ಕೆ ಎರಡು ಹಂತದ ದೃಢೀಕರಣ ಹಾಕಬೇಕು. ಮೇಲ್ ಮತ್ತು ಫೈಲುಗಳ ಬ್ಯಾಕಪ್ ಬೇರೊಂದು ಖಾತೆಯ ಅಧೀನದಲ್ಲಿರಬೇಕು, ಆ ಖಾತೆಯ ಪಾಸ್‌ವರ್ಡ್ ಗ್ಲೋಬಲ್ ಅಡ್ಮಿನ್‌ಗೆ ಗೊತ್ತಿರಬಾರದು.